ಸೊಂಟದ ಹಗ್ಗ

ಹಗ್ಗ ಸದ್ದು ಮಾಡುತ್ತಿರಲಿಲ್ಲ. ಬೈರಯ್ಯನಿಗೆ ಕಸಿವಿಸಿಯಾದದ್ದು ಅದಕ್ಕೇ. ನೇರಳೆ ಮರದ ಮೇಲೆ ಕೂತು ದೊಡ್ಡಣ್ಣ ಕೊಯ್ದು ಬಿಟ್ಟ ಕೊಂಬೆ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಕೆಳಗಿಳಿಯತೊಡಗಿತ್ತು. ಅದರ ಭಾರವೆಲ್ಲ ಮೇಲಿನ ಕವಲನ್ನು ದಾಟಿ, ಬುಡಕ್ಕೆ ಎರಡು ಸುತ್ತು ಹಾಕಿದ ಹಗ್ಗದ ಉದ್ದಕ್ಕೂ ಬಂದು ಬೈರಯ್ಯನ ಅಂಗೈಯಲ್ಲಿ ನಿಂತಿತ್ತು. ಹಳೆಯ ಕತ್ತಾಳೆ ಹಗ್ಗವಾಗಿದ್ದರೆ ಇಷ್ಟು ಹೊತ್ತಿಗೆ ಕಿರುಗುಟ್ಟಿ ಗೋಳಾಡುತ್ತಿತ್ತು. ಆ ಗೋಳಿನಲ್ಲೇ ಅವನು ಭಾರ ಅಳೆಯುತ್ತಿದ್ದ, ಎಲ್ಲಿ ಬಿಡಬೇಕು ಎಲ್ಲಿ ಹಿಡಿಯಬೇಕು ಎಂದು ತಿಳಿಯುತ್ತಿದ್ದ. ಈ ನೀಲಿ ನೈಲಾನು ಎಣ್ಣೆ ಹಚ್ಚಿದಂತೆ ಸುಮ್ಮನೆ ಜಾರಿತು. ಅಂಗೈ ಉರಿದು ಅವನು ಹಿಮ್ಮಡಿ ಊರಿ ಹಿಂದಕ್ಕೆ ಬಾಗಿದ. ಕೊಂಬೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಅವನು ಅಂದುಕೊಂಡದ್ದಕ್ಕಿಂತ ಬೇಗ, ಧೊಪ್ಪೆಂದು ಬಿತ್ತು.

"ನೋಡ್ದಾ? ಬೆಣ್ಣೆ ಇಳ್ದಂಗೆ ಇಳೀತು" ಎಂದ ದೊಡ್ಡಣ್ಣ ಮೇಲಿನಿಂದ. "ಆ ಹಳೇದ್ರಲ್ಲಿ ಆಗಿದ್ರೆ ಊಟದ ಹೊತ್ತಾಗ್ತಿತ್ತು."

"ಜೋರಾಗಿ ಬಂತು ಕಣಣ್ಣ."

"ನೀನು ನಿಧಾನ ಕಣ್ಲಾ, ಹಗ್ಗ ಜೋರಲ್ಲ."

ರಾಜಾಜಿನಗರದ ಮನೆಗಳಲ್ಲಿ ಹೆಂಚು ಒಡೆಯದೆ, ತಂತಿ ಹರಿಯದೆ, ಮರವನ್ನೂ ಉಳಿಸಿ ಬರೀ ಕೊಂಬೆ ಇಳಿಸಬೇಕೆಂದರೆ ಜನ ಕುರುಬರಹಳ್ಳಿಯ ಈ ಇಬ್ಬರನ್ನು ಹುಡುಕಿಕೊಂಡು ಬರುತ್ತಿದ್ದರು. ದೊಡ್ಡಣ್ಣ ಹತ್ತುವವನು, ಬೈರಯ್ಯ ಹಿಡಿಯುವವನು. ಹತ್ತುವವನಿಗೆ ವಯಸ್ಸು ಐವತ್ತರ ಹತ್ತಿರ ಬಂದಿದ್ದರೂ ಅದು ಬದಲಾಗಿರಲಿಲ್ಲ. ಕತ್ತಾಳೆ ಹಗ್ಗ ಅಲ್ಲಲ್ಲಿ ಎಳೆ ಬಿಟ್ಟಾಗ ಅಂಥದೇ ಇನ್ನೊಂದು ತಾ ಎಂದು ದೊಡ್ಡಣ್ಣ ಅವನನ್ನು ತರಗುಪೇಟೆಗೆ ಕಳಿಸಿದ್ದ. ಬೈರಯ್ಯ ನೈಲಾನು ತಂದ. ಸುಮ್ಮನೆ ತಂದಿರಲಿಲ್ಲ. ಅಂಗಡಿಯವನನ್ನು ನಿಲ್ಲಿಸಿಕೊಂಡು ಕೇಳಬೇಕಾದದ್ದನ್ನೆಲ್ಲ ಕೇಳಿದ್ದ: ಮಳೆಗೆ ಊದುತ್ತಾ, ಕೊಳೆಯುತ್ತಾ, ಇಲಿ ಕಡಿಯುತ್ತಾ, ಎಷ್ಟು ಭಾರ ತಡೆಯುತ್ತೆ. "ಲಾರಿ ಎಳೀರಿ ಬೇಕಾದ್ರೆ" ಎಂದಿದ್ದ ಅಂಗಡಿಯವನು. ತಂದದ್ದನ್ನು ಕತ್ತರಿಸಿ, ಉದ್ದದ್ದನ್ನು ಕೊಂಬೆ ಇಳಿಸಲು ಇಟ್ಟುಕೊಂಡು, ಗಿಡ್ಡದ್ದನ್ನು, ಮೇಲಿನಿಂದ ಬೀಳದಂತೆ ಕವಲಿಗೆ ಬಳಸಿ ಕಟ್ಟಿಕೊಳ್ಳಲು, ದೊಡ್ಡಣ್ಣನ ಸೊಂಟಕ್ಕೆ ಕೊಟ್ಟಿದ್ದರು. ಅವತ್ತಿನಿಂದ ಬೈರಯ್ಯನಿಗೆ ನಿದ್ದೆ ಸರಿಯಾಗಿರಲಿಲ್ಲ. ಏನೋ ಒಂದು ಕೇಳುವುದು ಬಿಟ್ಟುಹೋಗಿದೆ ಅನ್ನಿಸುತ್ತಿತ್ತು. ಅದು ಏನೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ಮನೆಯೊಡತಿ ಬಸವರಾಜೇಶ್ವರಿ ಅಡಿಗೆಮನೆಯ ಬಾಗಿಲಿಗೆ ಬಂದು ಬಿದ್ದ ಕೊಂಬೆ ನೋಡಿದರು. ಆ ಕೊಂಬೆ ಆ್ಯಂಟೆನಾಕ್ಕೆ ಅಡ್ಡ ಬಂದು ಟೀವಿಯಲ್ಲಿ ಮುಖಗಳೆಲ್ಲ ಎರಡೆರಡು ಕಾಣುತ್ತಿವೆ ಎಂಬುದೇ ಅವರ ಗೋಳಾಗಿತ್ತು. "ಭಾನುವಾರ ಬೆಳಿಗ್ಗೆ ಹೊತ್ತಿಗೆ ಚಿತ್ರ ಸರಿಯಾಗಿ ಬಂದ್ರೆ ಸಾಕಪ್ಪ. ಪಕ್ಕದ ಮನೆ ಕಡೆಗಿರೋದು ಯಾವಾಗ?"

"ಈಗ್ಲೇ ಅಮ್ಮ" ಎಂದ ದೊಡ್ಡಣ್ಣ. "ನಮ್ ಬೈರಯ್ಯ ಬಿಟ್ರೆ."

ಪಕ್ಕದ ಮನೆಯ ಕಡೆಗಿದ್ದದ್ದೇ ದೊಡ್ಡದು. ಕಾಂಪೌಂಡು ದಾಟಿ, ಸಿಮೆಂಟ್ ಶೀಟಿನ ಮಾಡಿನ ಮೇಲೆ ಚಾಚಿಕೊಂಡಿತ್ತು. ಶೀಟಿನ ಕೆಳಗೆ ಅಂಜನಮ್ಮ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಬೆಳಿಗ್ಗೆ ಬೈರಯ್ಯ ಕೆಲಸ ನಿಲ್ಲಿಸಿದ್ದು ಮೊದಲು ಅವಳಿಗಾಗಿ, ಆಮೇಲೆ ಕರೆಂಟಿನ ತಂತಿಗಾಗಿ. ಅಂಜನಮ್ಮ ಗೊಣಗುತ್ತ ಮಣೆ, ಮಸಿಹಿಟ್ಟು, ಕಡ್ಡಿಯ ಕಟ್ಟು ಎಲ್ಲ ಹೊತ್ತು ಗೇಟಿನ ಬಳಿಗೆ ಹೋಗಿ ಕೂತಿದ್ದಳು. ಆಗಲೇ ದೊಡ್ಡಣ್ಣ ಅಂದಿದ್ದ: "ನಿನ್ ಕೈಲಿ ಮದ್ವೆ ಮಾಡ್ಸಿದ್ರೆ, ತಾಳಿ ಕಟ್ಟೋ ಹೊತ್ಗೆ ಛತ್ರದ ಕಂಬ ಗಟ್ಟಿ ಐತಾ ಅಂತ ಅಲ್ಲಾಡ್ಸಿ ನೋಡ್ತಿರ್ತೀಯ." ಅಂಜನಮ್ಮ ಕಪ್ಪು ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಬೈರಯ್ಯನೂ ನಕ್ಕಿದ್ದ. ತನ್ನ ಹೆದರಿಕೆಗಳಲ್ಲಿ ಯಾವುದು ಕೆಲಸಕ್ಕೆ ಬರುವಂಥದು, ಯಾವುದು ಬರೀ ಹೆದರಿಕೆ ಎಂದು ಬೇರೆ ಮಾಡುವುದು ಅವನಿಗೆ ಎಂದೂ ಬಂದಿರಲಿಲ್ಲ.

ಬಿದ್ದ ಕೊಂಬೆಯಿಂದ ಹಗ್ಗ ಬಿಚ್ಚಿ ಅವನು ಮೇಲಕ್ಕೆ ಬಿಡತೊಡಗಿದ. ದೊಡ್ಡಣ್ಣ ಒಂದು ಕೈಯಲ್ಲಿ ಎಳೆದುಕೊಳ್ಳುತ್ತ, ನಿಂತಲ್ಲಿ ನಿಲ್ಲದ ಮನುಷ್ಯ, ಇನ್ನೊಂದು ಕೈಯಲ್ಲಿ ಗರಗಸ ತೆಗೆದು ದೊಡ್ಡ ಕೊಂಬೆಗೆ ಆಗಲೇ ಹಲ್ಲು ಹಚ್ಚಿದ್ದ. ಹಗ್ಗ ಬಂದು ಸೇರುವಷ್ಟರಲ್ಲಿ ಅರ್ಧ ಕೊಯ್ದಿಟ್ಟುಕೊಳ್ಳುವುದು ಅವನ ರೂಢಿ. ಸೊಂಟದ ಹಗ್ಗದ ಮೇಲೆ ಪೂರ್ತಿ ಭಾರ ಬಿಟ್ಟು, ತೂಗುಮಂಚದಲ್ಲಿ ಒರಗಿದವನಂತೆ ಹಿಂದಕ್ಕೆ ಬಾಗಿದ್ದ.

ಬೈರಯ್ಯನ ಬೆರಳಿನಡಿ ಏನೋ ಗಟ್ಟಿಯಾದದ್ದು ಹಾದುಹೋಯಿತು.

ಹಗ್ಗ ತಡೆದು ನೋಡಿದ. ಮೊಳದುದ್ದ ಜಾಗದಲ್ಲಿ ಎಳೆಗಳು ಒಂದಕ್ಕೊಂದು ಅಂಟಿ, ಗಾಜಿನ ಬಳೆಯ ಹಾಗೆ ಹೊಳೆಯುತ್ತಿದ್ದವು. ಮೂಗಿಗೆ ಹಿಡಿದ. ಬೀದಿಯಲ್ಲಿ ಪ್ಲಾಸ್ಟಿಕ್ ಕೊಡಕ್ಕೆ ಕಾದ ಕಬ್ಬಿಣದಿಂದ ಬೆಸುಗೆ ಹಾಕುವಾಗ ಬರುವ ವಾಸನೆ.

ಬಿಸಿ. ಅಂಗಡಿಯವನನ್ನು ಕೇಳದೇ ಉಳಿದದ್ದು ಅದು.

ಅವನು ತಲೆ ಎತ್ತಿದ. ಇಳಿಸುವ ಹಗ್ಗ ಹಾದುಹೋಗಿದ್ದ ಕವಲಿನಲ್ಲೇ ಸೊಂಟದ ಹಗ್ಗವೂ ಇತ್ತು. ಕತ್ತಾಳೆ ಕಾಲದಿಂದಲೂ ಹಾಗೇ. ಕತ್ತಾಳೆಯ ಮೇಲೆ ಕತ್ತಾಳೆ ಉಜ್ಜಿದರೆ ನಾರು ಉದುರುತ್ತಿತ್ತು, ಅಷ್ಟೇ. ಓಡಿದ ಹಗ್ಗವೇ ಹೀಗೆ ಕರಗಿದ್ದರೆ, ಓಡದೆ ಒಂದೇ ಜಾಗದಲ್ಲಿ ಅಷ್ಟೂ ಉಜ್ಜಿಸಿಕೊಂಡು ನಿಂತದ್ದು ಏನಾಗಿರಬೇಕು? ಕೆಳಗಿನಿಂದ ಕಾಣುತ್ತಿದ್ದದ್ದು ಎಲೆಗಳ ನಡುವೆ ಒಂದಿಷ್ಟು ನೀಲಿ ಮಾತ್ರ. ಅದರ ಕೆಳಗೆ ದೊಡ್ಡಣ್ಣ, ಅವನ ಕೆಳಗೆ ಕಾಂಪೌಂಡಿನ ಗೋಡೆ, ಗೋಡೆಯ ಮೇಲೆ ಸಾಲಾಗಿ ಸಿಕ್ಕಿಸಿದ ಗಾಜಿನ ಚೂರು.

"ಬಿಡೋ ಹಗ್ಗ" ಎಂದು ದೊಡ್ಡಣ್ಣ ಎಳೆದ.

ಬೈರಯ್ಯ ಬಿಡಲಿಲ್ಲ. ಬೆಳಗಿನಿಂದ ಇದು ಮೂರನೆಯ ಸಲ. ಏನೂ ಆಗಿರದಿದ್ದರೆ? ಅರ್ಧ ಕೊಯ್ದ ಕೊಂಬೆ ಶೀಟಿನ ಮೇಲೆ ಹಾಗೇ ನಿಂತಿರುತ್ತದೆ. ಇವನನ್ನು ಕರೆದುಕೊಂಡು ಬಂದರೆ ಕೆಲಸ ಮುಗಿಯುವುದಿಲ್ಲ ಎಂದು ದೊಡ್ಡಣ್ಣ ನಾಳೆ ಬೇರೆಯವನನ್ನು ನೋಡಿಕೊಳ್ಳುತ್ತಾನೆ. ಗರಗಸ ಮತ್ತೆ ಆಡಿತು. ನೀಲಿ ಹಗ್ಗ ಒಮ್ಮೆ ಜಗ್ಗಿ, ಸಡಿಲಾಗಿ, ಮತ್ತೆ ಜಗ್ಗಿತು.

"ಅಣ್ಣ." ಅವನು ಕೂಗಲಿಲ್ಲ. ಮೇಲಿದ್ದವನು ಬೆಚ್ಚಬಾರದು. "ಅಣ್ಣ, ಬೊಡ್ಡೆ ತಬ್ಕೋ."

"ಯಾಕ್ಲಾ?"

"ಸೊಂಟದ ಹಗ್ಗದ ಮೇಲೆ ಭಾರ ಹಾಕ್ಬೇಡ. ಮೊದ್ಲು ತಬ್ಕೋ, ಆಮೇಲೆ ಹೇಳ್ತೀನಿ."

"ಅರ್ಧ ಕೊಯ್ದಿದೀನಿ ಕಣೋ."

"ಇರ್ಲಿ. ನಿನ್ ಕಾಲಿಗೆ ಬೀಳ್ತೀನಿ, ತಬ್ಕೊಂಡು ಇಳಿ."

ಗರಗಸ ನಿಂತಿತು. ಆಮೇಲೆ ದೊಡ್ಡಣ್ಣ ಬೊಡ್ಡೆಯನ್ನು ತಬ್ಬಿದ್ದು ಕಾಣಿಸಿತು. ಬೈರಯ್ಯನ ಅಪ್ಪ ಅಮ್ಮನಿಗೆಲ್ಲ ಸೇರಿಸಿ ಬೈಯುತ್ತಲೇ ಹಗ್ಗ ಬಿಚ್ಚಿ ಕೆಳಗೆ ಎಸೆದು, ಬರಿಗೈಯಲ್ಲಿ, ಕಾಲಿನ ಹೆಬ್ಬೆರಳಿನಿಂದ ತೊಗಟೆ ಹುಡುಕಿಕೊಳ್ಳುತ್ತ ಇಳಿದ.

"ತೋರ್ಸು. ಏನಾಗೈತೆ ತೋರ್ಸು."

ಬೈರಯ್ಯ ಸೊಂಟದ ಹಗ್ಗವನ್ನು ಆ ತುದಿಯಿಂದ ಈ ತುದಿಗೆ ಬೆರಳಲ್ಲಿ ಹಾಯಿಸಿದ. ನಡುವೆ ಒಂದು ಕಡೆ, ಹೆಬ್ಬೆರಳಗಲ, ಗಟ್ಟಿಯಾಗಿ ಮಿರುಗುತ್ತಿತ್ತು. ಮೇಲೆ ಒಂದು ಎಳೆಯೂ ತುಂಡಾಗಿರಲಿಲ್ಲ. ಅವನು ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿದ್ದ.

"ಇದಕ್ಕಾ?" ದೊಡ್ಡಣ್ಣ ಉಗುರಿನಿಂದ ಕೆರೆದು ನೋಡಿದ. "ಗಟ್ಟಿಯಾಗೈತೆ. ಇನ್ನೂ ಒಳ್ಳೇದೇ ಆಯ್ತಲ್ಲ."

"ಒಳಗೆ ಹೆಂಗೈತೋ ಗೊತ್ತಿಲ್ಲ ಕಣಣ್ಣ."

"ನೀನೇ ತಂದೆ. ನೀನೇ ಬೇಡ ಅಂತೀಯ. ನಾನೇನ್ಲಾ ಮಾಡ್ಲಿ?" ದೊಡ್ಡಣ್ಣನ ಧ್ವನಿಯಲ್ಲಿ ಈಗ ತಮಾಷೆ ಇರಲಿಲ್ಲ. ಹಗ್ಗವನ್ನು ಮರದ ಬುಡಕ್ಕೆ ಬಳಸಿ, ಗಟ್ಟಿಯಾದ ಜಾಗ ಈಚೆಗೆ ಬರುವಂತೆ ಕಟ್ಟಿದ. "ಹಿಡ್ಕೊ. ಇಬ್ರೂ ಎಳೆಯೋಣ. ಹರೀದೆ ಇದ್ರೆ ಬಾಯ್ಮುಚ್ಕೊಂಡು ಕೆಲಸ ಮಾಡ್ಬೇಕು."

ಇಬ್ಬರೂ ಒಬ್ಬರ ಹಿಂದೆ ಒಬ್ಬರು ನಿಂತು ಹಗ್ಗ ಹಿಡಿದು ಹಿಂದಕ್ಕೆ ಬಾಗಿದರು. ಹಗ್ಗ ಬಿಗಿದು ನೇರವಾಯಿತು. ಬೈರಯ್ಯನ ಕಣ್ಣೆದುರಿಗೆ ದೊಡ್ಡಣ್ಣನ ಬೆನ್ನು, ಬೆವರಿಗೆ ಅಂಟಿದ ಬನಿಯನ್ನು. ತಾನು ಏನು ಬಯಸುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ. ಹರಿಯದಿದ್ದರೆ ಅವನು ಪುಕ್ಕಲ. ನಾಳೆಯಿಂದ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹರಿದರೆ, ಇಷ್ಟು ಹೊತ್ತು ದೊಡ್ಡಣ್ಣನನ್ನು ಅದಕ್ಕೆ ತೂಗುಹಾಕಿದ್ದು ಅವನೇ. ಹರಿಯದಿರಲಿ ಎಂದುಕೊಂಡ. ಕೈ ಸಡಿಲ ಮಾಡಿಬಿಡೋಣವೆಂದೂ ಅನ್ನಿಸಿತು. ಮಾಡಲಿಲ್ಲ. ಉರಿಯುವ ಅಂಗೈಯಲ್ಲಿ ಇನ್ನೂ ಬಿಗಿ ಹಿಡಿದು, ಎಳೆದ.

ಇಬ್ಬರೂ ಸೊಪ್ಪಿನ ಮೇಲೆ ಅಂಗಾತ ಬಿದ್ದರು.

"ಏನಣ್ಣಾ, ಕೆಲಸ ಬಿಟ್ಟು ಹಗ್ಗಜಗ್ಗಾಟ ಆಡ್ತಿದೀರಾ?" ಎಂದು ಗೇಟಿನ ಕಡೆಯಿಂದ ಅಂಜನಮ್ಮ ಕೇಳಿದಳು.

ದೊಡ್ಡಣ್ಣ ಎದ್ದು ಕೂತು ತುಂಡಾದ ತುದಿಯನ್ನು ತೊಡೆಯ ಮೇಲಿಟ್ಟುಕೊಂಡ. ಒಳಗಿನ ಎಳೆಗಳು ಒಣಗಿದ ಹುಳಿಯನ್ನದ ಅಗುಳಿನಂತೆ ಬಿರುಸಾಗಿ, ಮುಟ್ಟಿದರೆ ಮುರಿಯುತ್ತಿದ್ದವು. ಅವನು ಮುರಿದ. ಇನ್ನೊಂದು ಮುರಿದ. ತಲೆ ಎತ್ತಿ ಗೋಡೆಯ ಮೇಲಿನ ಗಾಜನ್ನು ನೋಡಿ, ಬೀಡಿಗಾಗಿ ಕಿವಿಯ ಮೇಲೆ ಕೈ ಹಾಕಿದ. ಅದು ಮರದ ಮೇಲೇ ಎಲ್ಲೋ ಬಿದ್ದುಹೋಗಿತ್ತು.

"ನಾನು ತರಬಾರ್ದಿತ್ತು" ಎಂದ ಬೈರಯ್ಯ.

"ಹೂಂ."

"ಇವತ್ತು ಸಾಕು ಮಾಡಾಣ. ನಾಳೆ ಹೊಸ ಕತ್ತಾಳೆ ತಂದು..."

"ಅರ್ಧ ಕೊಯ್ದಿರೋದು ನಾಳೆಗಂಟ ನಿಲ್ತದಾ?"

ಇಬ್ಬರೂ ಮೇಲೆ ನೋಡಿದರು. ಕೊಯ್ದ ಬಾಯಿ ಬೆಳ್ಳಗೆ ತೆರೆದುಕೊಂಡಿತ್ತು. ಸಂಜೆಯ ಗಾಳಿ ಇನ್ನೂ ಎದ್ದಿರಲಿಲ್ಲ. ಬಸವರಾಜೇಶ್ವರಿ ಮತ್ತೆ ಬಾಗಿಲಿಗೆ ಬಂದರು. ಇಬ್ಬರ ಮುಖ ನೋಡಿ, ಒಳಗೆ ಹೋಗಿ, ಒಂದು ಚೊಂಬು ನೀರು ತಂದಿಟ್ಟು ಹೋದರು.

ಬೈರಯ್ಯ ಸೈಕಲ್ಲಿನ ಕ್ಯಾರಿಯರಿನಿಂದ ಸೌದೆ ಕಟ್ಟಲು ಇಟ್ಟಿದ್ದ ಹಳೆಯ ಕತ್ತಾಳೆ ಹಗ್ಗ ಬಿಚ್ಚಿ ತಂದ. ಎಳೆ ಬಿಟ್ಟ ಜಾಗಗಳನ್ನು ಕತ್ತರಿಸಿ ತೆಗೆದರೆ ಒಂದು ಸೊಂಟಕ್ಕಾಗುವಷ್ಟು ಉಳಿಯಿತು. ಇಳಿಸುವ ಹಗ್ಗದಲ್ಲಿ ಕರಗಿದ ಭಾಗವನ್ನೂ ಕತ್ತರಿಸಿ ಎಸೆದ. ಉಳಿದ ಹಗ್ಗ ಬೇರೆ ಕವಲಿನಿಂದ ಬರಲಿ, ಬುಡಕ್ಕೆ ಇನ್ನೂ ಎರಡು ಸುತ್ತು ಹೆಚ್ಚು ಹಾಕುತ್ತೇನೆ ಎಂದ. ದೊಡ್ಡಣ್ಣ ಎಲ್ಲಕ್ಕೂ ತಲೆಯಾಡಿಸಿದ. ಅವನು ಹಾಗೆ ಸುಮ್ಮನೆ ಒಪ್ಪಿಕೊಳ್ಳುವುದನ್ನು ಬೈರಯ್ಯ ನೋಡಿರಲಿಲ್ಲ.

ದೊಡ್ಡಣ್ಣ ಮರದ ಹತ್ತಿರ ಹೋಗಿ ನಿಂತು ಸೊಂಟಕ್ಕೆ ಹಗ್ಗ ಬಿಗಿದ. ಎಳೆದು ನೋಡಿ ಬಿಚ್ಚಿದ. ಮತ್ತೆ ಬಿಗಿದ. ಬೆರಳುಗಳು ಗಂಟಿನ ಬಾಯಿ ಸಿಗದೆ ತಡವರಿಸಿದವು. ಆಮೇಲೆ ತಿರುಗಿ, ಎರಡೂ ತುದಿಗಳನ್ನು ಬೈರಯ್ಯನ ಕಡೆಗೆ ಚಾಚಿ, ಅಂಗಿ ಹೊಲಿಸಿಕೊಳ್ಳಲು ಅಳತೆ ಕೊಡುವವನ ಹಾಗೆ ಕೈಗಳನ್ನು ಮೇಲೆತ್ತಿದ.

ಬೈರಯ್ಯ ಹತ್ತಿರ ಹೋದ. ಒಂದು ಸುತ್ತು, ಅದರ ಮೇಲೆ ಇನ್ನೊಂದು, ತುದಿಯನ್ನು ಒಳಗಿನಿಂದ ತಂದು ಬಿಗಿದ. ಬೆರಳಿನ ಗೆಣ್ಣಿಗೆ ದೊಡ್ಡಣ್ಣನ ಹೊಟ್ಟೆ ತಾಗುತ್ತಿತ್ತು; ಉಸಿರಿಗೆ ಮುಂದೆ ಬಂದು, ಹಿಂದೆ ಹೋಗುತ್ತಿತ್ತು. ಗಂಟು ಬಿದ್ದ ಮೇಲೂ ಬೈರಯ್ಯ ಕೈ ತೆಗೆಯಲಿಲ್ಲ. ದೊಡ್ಡಣ್ಣನೂ ತೆಗೆ ಅನ್ನಲಿಲ್ಲ.