ಬಸುರಿಯ ಎದುರು ಕೊಟ್ಟ ಹೇಳಿಕೆ

ಮೌನ ಬಂಗಾರ ಅನ್ನುತ್ತಾರೆ. ಬಿಳಿಕೆರೆಯ ಮಂಟಯ್ಯನ ಮನೆಗೆ ಆ ಬಂಗಾರವೇ ಮುಳುವಾಯಿತು.

ನೌಕಾಪಡೆಯ ಹಡಗಿನಲ್ಲಿ ಅಡುಗೆಯವನಾಗಿದ್ದ ಮಂಟಯ್ಯ ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಎರಡೂ ಕಿವಿ ಕಳೆದುಕೊಂಡು ಊರಿಗೆ ಬಂದ. ಕಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಕೇಳಿಸುತ್ತಿತ್ತು. ಕಿವುಡನನ್ನು ಕೂಲಿಗೂ ಯಾರು ಕರೆದಾರು? ಯುದ್ಧದಲ್ಲಿ ಗಾಯಗೊಂಡವರ ಪಿಂಚಣಿಗೆ ಅರ್ಜಿ ಹಾಕಿದ. ವಿಚಾರಣೆಗೆ ಪಿಂಚಣಿ ಕಚೇರಿಯ ಇನ್ಸ್‌ಪೆಕ್ಟರು ಮನೆಗೇ ಬಂದರು. ಅವರ ಪ್ರಶ್ನೆಗಳನ್ನು ಅಪ್ಪನ ಕಿವಿಗೆ ಕೂಗಿದವಳು ಹೆರಿಗೆಗೆ ಬಂದಿದ್ದ ಮಗಳು ಯಶೋದಮ್ಮ, ತುಂಬು ಬಸುರಿ.

"ಯುದ್ಧದಲ್ಲಿ ಏನಾಯ್ತಪ್ಪಾ?"

ಮಂಟಯ್ಯ ಮಗಳನ್ನು ನೋಡಿ, "ಏನೂ ಇಲ್ಲ ಕಣವ್ವ. ಅನ್ನ ಬೇಯಿಸ್ಕಂಡಿದ್ದೆ," ಅಂದುಬಿಟ್ಟ.

ಇನ್ಸ್‌ಪೆಕ್ಟರು ಅದನ್ನೇ ಬರೆದುಕೊಂಡರು. ಅರ್ಜಿ ವಜಾ ಆಯಿತು. ಸೌಟು ಹಿಡಿದವನಿಗೆ ಯುದ್ಧದ ಗಾಯ ಎಲ್ಲಿಂದ ಬರಬೇಕು!

ಯಶೋದಮ್ಮ ಹೆತ್ತ ಮೇಲೆ ಕೂಸನ್ನು ನೋಡಲು ಕೃಷ್ಣರಾಜನಗರದಿಂದ ಕಂಠಪ್ಪ ಬಂದ. ಅದೇ ಹಡಗಿನಲ್ಲಿ ಫಿರಂಗಿ ಹೊಡೆಯುತ್ತಿದ್ದವನು. ಅರ್ಜಿಯ ಸುದ್ದಿ ಕೇಳಿ ಉರಿದುಬಿದ್ದ.

"ಅನ್ನ ಬೇಯಿಸ್ಕಂಡಿದ್ನಂತಾ! ಯುದ್ಧ ಅಂದ್ರೆ ಅಡುಗೆಯವ್ನೂ ಫಿರಂಗಿ ತಾವ್ಕೆ ಓಡ್ಬೇಕು ಕಣವ್ವ. ಗುಂಡು ಹೊತ್ತು ತಂದು ನನ್ ಕೈಗೆ ಕೊಟ್ಟೋನು ಇವ್ನೇ. ಪಕ್ಕದಲ್ಲೇ ಬಾಂಬು ಸಿಡಿದು ಇಬ್ರು ಸತ್ರು, ಇವ್ನ ಕಿವಿ ಹೋಯ್ತು."

ಯಶೋದಮ್ಮ ಅಪ್ಪನ ಕಿವಿಗೆ ಕೂಗಿದಳು: "ಯಾಕಪ್ಪಾ ಯೋಳ್ನಿಲ್ಲ?"

"ಬಸುರಿ ಎದ್ರಿಗೆ ಸಾವಿನ ಮಾತ ಆಡ್ತಾರೇನವ್ವ?" ಅಂದ ಮಂಟಯ್ಯ. ಮರುದಿನವೇ ಅವಳು ಮೈಸೂರಿನ ಪಿಂಚಣಿ ಅಧಿಕಾರಿಗೆ ಮೇಲ್ಮನವಿ ಬರೆಸಿದಳು.

ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆ ಬಿಟ್ಟು ಬರುವ ಪುಣ್ಯಾತ್ಮರು ಎಷ್ಟು ಮಂದಿ? ಕಂಠಪ್ಪ ಕೊಪ್ಪರಿಗೆಯನ್ನು ತಮ್ಮನಿಗೆ ಒಪ್ಪಿಸಿ ಮೈಸೂರಿಗೆ ಬಂದು ಸಾಕ್ಷಿ ಹೇಳಿದ. ಆದರೆ ಅಧಿಕಾರಿ ಹಳೆಯ ಹೇಳಿಕೆಯ ಮೇಲೆ ಬೆರಳಿಟ್ಟರು. "ಆಗ ಒಂದು ಮಾತು, ಈಗ ಒಂದು ಮಾತು. ಯಾವುದನ್ನು ನಂಬಲಿ?"

ಯಶೋದಮ್ಮ ಕೂಸನ್ನು ಎತ್ತಿಕೊಂಡು ಎದ್ದಳು. "ಆವತ್ತು ಇದು ನನ್ನೊಟ್ಟೇಲಿತ್ತು ಸಾರ್. ಕೂಗಿ ಕೇಳ್ದೋಳು ನಾನೇ. ನಮ್ ಕಡೆ ಬಸುರಿ ಎದ್ರಿಗೆ ಸಾವಿನ ಸುದ್ದಿ ಯೋಳಕಿಲ್ಲ. ನಮ್ಮಪ್ಪ ನನ್ನ ಕಾಯ್ದ ಸಾರ್, ನಿಮ್ಗೆ ಮೋಸ ಮಾಡ್ನಿಲ್ಲ."

ಅಧಿಕಾರಿ ಕೂಸಿನ ಮುಖ ನೋಡಿದರು. "ನಮ್ಮ ಮನೆಯಲ್ಲೂ ಅದೇ ಪದ್ಧತಿಯಮ್ಮ," ಅಂದವರೇ ಹಡಗಿನ ದಾಖಲೆ ತಾಳೆ ನೋಡಿ, ಯುದ್ಧದ ಗಾಯವೆಂದು ಒಪ್ಪಿ ರುಜು ಹಾಕಿದರು.

ಹೊರಗೆ ಬಂದ ಯಶೋದಮ್ಮ ಕಂಠಪ್ಪನ ಕಾಲು ಮುಟ್ಟಿದಳು. "ನಿಮ್ ಋಣ ಮರೆಯಾಕಿಲ್ಲ ಕಂಠಣ್ಣ."

ಒಳಗಿನ ಒಂದು ಮಾತೂ ಕೇಳಿಸದ ಮಂಟಯ್ಯ ಕೂಸನ್ನು ಹೆಗಲಿಗೆ ಹಾಕಿಕೊಂಡು, "ಏನಂದ್ರವ್ವ?" ಅಂದ. ಬೀದಿಯವರೆಲ್ಲ ತಿರುಗಿ ನೋಡುವಂತೆ ಅವಳು ಅವನ ಕಿವಿಗೆ ಕೂಗಿದಳು: "ನೀನು ಯುದ್ಧ ಮಾಡ್ದೋನು ಅಂತ ಒಪ್ಕಂಡ್ರು ಕಣಪ್ಪೋ!"

ಮಂಟಯ್ಯನ ಕಣ್ಣು ತುಂಬಿ ಬಂತು. ಅಂಗೈಯಿಂದ ಕೂಸಿನ ಕಿವಿ ಮುಚ್ಚಿದ.

"ಮೆಲ್ಲುಗ್ ಯೋಳವ್ವ, ಕೂಸು ಮನಿಕಂಡದೆ."