ಬುಟ್ಟಿ ಹೊತ್ತವಳ ಮುಖ

"ಇದರಾಗ ಏನೂ ಇಲ್ರೀ ಯವ್ವಾ, ಸಿಮೆಂಟಿಂದು," ಎಂದು ಅಂಬರೀಶ ಮೂರ್ತಿಯ ಮೊಣಕಾಲನ್ನು ಬೆರಳಿನಿಂದ ಬಡಿದು ತೋರಿಸಿದ. "ಕಲ್ಲಿನವೆಲ್ಲ ಮ್ಯೂಸಿಯಂಗೆ ಹೊಂಟಾವು. ಇದನ್ನ ಒಡೀತಾರ."

ರಾಯಚೂರು ಕೋಟೆಯ ಕಂದಕದ ಬದಿಯ ಆ ಪುಟ್ಟ ಉದ್ಯಾನ ರಸ್ತೆ ಅಗಲೀಕರಣಕ್ಕೆ ಹೋಗುವುದಿತ್ತು. ಎಂಜಿನಿಯರ್ ಅಂಬರೀಶ ಬೆಳಗಿನಿಂದ ಅಲ್ಲೇ ನಿಂತಿದ್ದ. ಹಿಂದೆ ಕಂದಕದ ಹೂಳಿನಲ್ಲಿ ಸಿಕ್ಕಿದ್ದ ವೀರಗಲ್ಲು, ತಲೆ ಹೋದ ನಂದಿ, ಬಾಗಿಲುವಾಡದ ತುಂಡು, ಎಲ್ಲದರ ಮೈಮೇಲೂ ಸೀಮೆಸುಣ್ಣದ ನಂಬರು ಬಿದ್ದಿತ್ತು. ನಡುವೆ ಬುಟ್ಟಿ ಹೊತ್ತು ನಿಂತ ಹೆಂಗಸಿಗೆ ಮಾತ್ರ ನಂಬರಿಲ್ಲ. ಎಡಗೈ ಸೊಂಟದ ಮೇಲೆ, ಬಲಗೈ ಮೇಲೆತ್ತಿ ಬುಟ್ಟಿಯ ಅಂಚಿಗೆ. ನಲವತ್ತು ವರ್ಷದಿಂದ ಹಾಗೇ ನಿಂತವಳು. ಪಾರಿವಾಳಗಳೂ ಚುನಾವಣೆಯ ಚೀಟಿ ಹಚ್ಚುವವರೂ ಅವಳನ್ನು ತಮಗೆ ಬೇಕಾದಂತೆ ಬಳಸಿಕೊಂಡಿದ್ದರು, ಅವಳೇನೂ ತಕರಾರು ಮಾಡಿರಲಿಲ್ಲ.

ಗೋಪಮ್ಮ ಕೈಚೀಲವನ್ನು ಎದೆಗವಚಿಕೊಂಡು ಮೂರ್ತಿಯನ್ನೇ ನೋಡುತ್ತಿದ್ದಳು. ದವಾಖಾನೆಯಿಂದ ಮಗಳ ಜೊತೆ ನಡೆದು ಬರುವಾಗ ಜೆಸಿಬಿ ಕಂಡು ನಿಂತವಳು ಕದಲಲೊಲ್ಲಳು. ಮಗಳು ಸುಜಾತಾ ಸರಕಾರಿ ಶಾಲೆಯ ಟೀಚರು. ಎರಡನೇ ಪಿರಿಯಡ್ಡಿಗೆ ಹೋಗಬೇಕಾದವಳು ಗಡಿಯಾರ ನೋಡುತ್ತಿದ್ದಳು.

"ಯಾರ ಮೂರ್ತಿ ಅಂತ ಗೊತ್ತಾದ್ರ ಇಡ್ತೀರೇನ್ರೀ ಸಾಹೇಬ್ರ?"

"ಗೊತ್ತಾದ್ರ ಬರೀತೀನ್ರೀ. ಇಂಥವರದು, ಇಂಥವರು ಮಾಡಿದ್ದು ಅಂತ ಯಾರರ ಖಾತ್ರಿಲೆ ಹೇಳಿದ್ರ, ಇದಕ್ಕೂ ಒಂದು ನಂಬರ್ ಹಾಕಿ ಕಳಸ್ತೀನಿ. ಹಳೇ ಕಾಗದಪತ್ರ ಹುಡುಕಿಸಿದೆ, ಏನೂ ಸಿಗಲಿಲ್ಲ."

ಗೋಪಮ್ಮ ಮೂರ್ತಿಯ ಮುಖದ ಕಡೆ ಕತ್ತೆತ್ತಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅವಳ ಪಾಡು ಅದೇ ಆಗಿತ್ತು.

ಆಗ ಅವಳಿಗೆ ಇಪ್ಪತ್ತೆರಡು. ಅರಕೇರಾದಿಂದ ಮೂವತ್ತು ಮಂದಿ ಕಂದಕದ ಹೂಳೆತ್ತಲು ಬಂದಿದ್ದರು. ಗಂಡ ಪಕೀರಪ್ಪ ಊರಿನಲ್ಲೇ ಕುರಿ ಕಾಯಲು ಉಳಿದಿದ್ದ. ಇಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮಹಮ್ಮದ್ ಹುಸೇನ್ ಮಾಸ್ತರರಿಗೆ ಉದ್ಯಾನಕ್ಕೊಂದು ಮೂರ್ತಿ ಮಾಡುವ ಕೆಲಸ ಬಂದಿತ್ತು. ಒಂದು ದಿನ ಊಟದ ಹೊತ್ತಿಗೆ ಅವರು ಹೆಂಗಸರನ್ನೆಲ್ಲ ಕೋಟೆ ಗೋಡೆಯ ಹತ್ತಿರ ಕರೆದೊಯ್ದು, ಉದ್ದನೆಯ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳು ಎಳೆಯುವ ಹಳೆಯ ಚಿತ್ರ ತೋರಿಸಿದರು.

"ಈ ಕಲ್ಲು ತಂದವ್ರನ್ನ ಏಳುನೂರು ವರ್ಷದ ಹಿಂದ ಯಾರೋ ಪುಣ್ಯಾತ್ಮ ಇಲ್ಲಿ ಬರದಿಟ್ಟಾನ್ರವ್ವಾ. ನೀವು ಇಷ್ಟು ಮಣ್ಣು ಹೊತ್ರಿ, ನಿಮ್ಮ ಗುರ್ತು ಎಲ್ಲದ?"

ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು. ಮೂರ್ತಿಗೆ ಮಾದರಿಯಾಗಿ ಗೋಪಮ್ಮ ನಿಂತಳು. ನಾಲ್ಕು ದಿನ, ಊಟದ ಹೊತ್ತಿನಲ್ಲಿ ಊಟ ಬಿಟ್ಟು, ಖಾಲಿ ಬುಟ್ಟಿ ಹೊತ್ತು ನಿಂತಳು. ಅಷ್ಟೊಂದು ಹೊತ್ತು ಯಾರೂ ಅವಳ ಮುಖವನ್ನು ಹಾಗೆ ಗಮನವಿಟ್ಟು ನೋಡಿರಲಿಲ್ಲ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಮೂರ್ತಿ ಎದ್ದ ಮೇಲೆ ಊರಿನ ಬಾಯಿ ತೆರೆಯಿತು. ಚಹಾದಂಗಡಿಯಲ್ಲಿ ಯಾರೋ, "ಪಕೀರಪ್ಪಾ, ನಿನ್ ಹೇಣ್ತಿ ಪ್ಯಾಟ್ಯಾಗ ದ್ಯಾವ್ರಾಗಿ ನಿಂತಾಳಂತ, ಕಾಯಿ ಒಡ್ಸಾಕ ಯಾವಾಗ ಹೋಗ್ತಿ?" ಅಂದರು. ಪಕೀರಪ್ಪ ಹೊಡೆಯುವ ಆಸಾಮಿಯಲ್ಲ. ಮೂರು ದಿನ ಮನೆಯಲ್ಲಿ ಉಣ್ಣಲಿಲ್ಲ, ಅಷ್ಟೇ. ನಾಲ್ಕನೆಯ ದಿನ ಗೋಪಮ್ಮ ರಾಯಚೂರಿನ ಬಸ್ಸು ಹತ್ತಿ ಮಾಸ್ತರರ ಮುಂದೆ ನಿಂತಳು.

"ಮಾರಿ ತಗದ್ಬಿಡ್ರೀ ಮಾಸ್ತರ್ರ. ಬ್ಯಾರೇದು ಹಚ್ಚ್ರಿ."

ಅವರು ಉಳಿ ತೆಗೆದುಕೊಂಡು ಅವಳ ಜೊತೆ ಮೂರ್ತಿಯ ಹತ್ತಿರ ಬಂದರು. ಆಮೇಲೆ, "ಮಾರಿ ನಿಂದವ್ವಾ. ನೀ ಹೇಳಿದಂಗ," ಎಂದರು. ಅವಳ ಕಣ್ಣೆದುರೇ ಉಳಿ ಹಿಡಿದು ಮೂಗು, ಗಲ್ಲ ಕೆತ್ತಿ ಹಾಕಿ, ಕರಣಿಯಿಂದ ಹೊಸ ಸಿಮೆಂಟು ಮೆತ್ತಿದರು. ಸಂಜೆಯ ಹೊತ್ತಿಗೆ ಕ್ಯಾಲೆಂಡರಿನ ಲಕ್ಷ್ಮಿಯಂಥ ದುಂಡು ಮುಖ ಬಂತು. ಗೋಪಮ್ಮ ಊರಿಗೆ ಹೋಗಿ, "ಅದು ನಾ ಅಲ್ಲ, ಬೇಕಾರ ನೋಡಿ ಬಾ," ಎಂದಳು. ಪಕೀರಪ್ಪ ಹೋಗಿ ನೋಡಿದ, ಬಂದು ಉಂಡ. ಮುಂದೆ ಸುಜಾತಾ ಎಂಟು ವರ್ಷದವಳಾಗಿದ್ದಾಗ ಯಾರದೋ ಮಾತು ಕೇಳಿ ಬಂದು, "ಯವ್ವಾ, ಅದು ನೀನಂತ, ಹೌದೇನು?" ಎಂದಳು. ಅವಳಿಗೂ ಅದೇ ಉತ್ತರ. ಸುಳ್ಳು ಒಮ್ಮೆ ಅಡಿಪಾಯ ಕಂಡರೆ ಅದರ ಮೇಲೆ ಎಷ್ಟು ಅಂತಸ್ತು ಬೇಕಾದರೂ ಏರುತ್ತದೆ.

ನಾಲ್ಕು ವರ್ಷದ ಹಿಂದೆ, ಪಕೀರಪ್ಪನನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ಯುವಾಗ, ಇದೇ ಉದ್ಯಾನದ ಮುಂದೆ ಗಾಡಿಗಳು ಸಿಕ್ಕಿಹಾಕಿಕೊಂಡು ನಿಂತಿದ್ದವು. ಅವನು ಹೊರಗೆ ನೋಡುತ್ತ, ಏನೋ ಮಾಮೂಲಿ ಮಾತು ಎಂಬಂತೆ ಅಂದ: "ಮದ್ಲಿನ ಮಾರಿನ ಚೊಲೊ ಇತ್ತು."

ಹಾಗಾದರೆ ಮುಖ ಬದಲಾಗುವ ಮೊದಲೇ ಅವನು ಅದನ್ನು ಹೋಗಿ ನೋಡಿದ್ದ. ಎಲ್ಲ ತಿಳಿದೇ ಇಷ್ಟು ವರ್ಷ ಸುಮ್ಮನಿದ್ದ. ಏನಾದರೂ ಅನ್ನಬೇಕೆಂದು ಗೋಪಮ್ಮ ಬಾಯಿ ತೆರೆಯುವಷ್ಟರಲ್ಲಿ ಆಟೋ ಹೊರಟಿತು. ಆ ವಾರವೇ ಅವನೂ ಹೊರಟುಹೋದ.

"ಸಾಹೇಬ್ರ," ಗೋಪಮ್ಮ ಈಗ ಅಂದಳು, "ಅದು ನಾನರೀ."

ಅಂಬರೀಶ ನಗಲಿಲ್ಲ, ಒಳ್ಳೆಯ ಹುಡುಗ. ಮೂರ್ತಿಯ ಮುಖ ನೋಡಿದ, ಅವಳ ಮುಖ ನೋಡಿದ. ಅಲ್ಲಿ ದುಂಡು ಗಲ್ಲ, ಸಂಪಿಗೆ ಮೂಗು. ಇಲ್ಲಿ ಉದ್ದ ಮುಖ, ಅಗಲ ಮೂಗು, ಹಣೆಯ ಮೇಲೆ ಹಚ್ಚೆ.

"ಮಾರಿ ಹೊಂದಂಗಿಲ್ಲಲ್ರೀ ಯವ್ವಾ."

"ನಾನ ತಗಸೀನ್ರೀ. ಮದ್ಲಿಂದು ನಂದ ಇತ್ತು. ಹುಸೇನ್ ಮಾಸ್ತರ್ರು ಮಾಡಿದ್ರು."

"ಅವ್ರು ಅದಾರೇನ್ರೀ?"

"ಇಲ್ಲ. ತೀರಿಕೊಂಡು ಭಾಳ ವರ್ಷಾತು."

ಅವನು ಸುಜಾತಾಳ ಕಡೆ ತಿರುಗಿದ. "ಮೇಡಂ, ನಿಮಗೇನರ ಗೊತ್ತೇನ್ರೀ? ನೀವು ಹೌದು ಅಂದ್ರ ಸಾಕು, ಬರ್ಕೊಂತೀನಿ."

ಸುಜಾತಾ ತಾಯಿಯನ್ನು ನೋಡಿದಳು. ಹೌದು ಅನ್ನುವ ಆಸೆ ಅವಳಿಗೂ ಇತ್ತು. ಆದರೆ ಕಾಣದ್ದಕ್ಕೆ ಸಾಕ್ಷಿ ಹೇಳಿ ರೂಢಿಯಿಲ್ಲ. "ನಾ ಸಣ್ಣಾಕಿದ್ದಾಗ ಕೇಳಿದ್ದೆ ಸರ್," ಎಂದಳು ಮೆಲ್ಲಗೆ. "ಅಲ್ಲ ಅಂದಿದ್ಲು."

ಗೋಪಮ್ಮ ತಲೆಯಾಡಿಸಿದಳು. ಅದೂ ನಿಜವೇ ಆಗಿತ್ತು.

ಅಂಬರೀಶ ಇಬ್ಬರನ್ನೂ ರಸ್ತೆಯ ಆಚೆ ಹೋಗಿ ನಿಲ್ಲಲು ಕೇಳಿಕೊಂಡ, ಚೂರು ಸಿಡಿಯುತ್ತದೆ ಎಂದು. ಆಚೆ ಬದಿಗೆ ಬಂದಾಗ ಸುಜಾತಾ ತಡೆಯಲಾರದೆ ಕೇಳಿದಳು: "ಖರೇನ ನೀನೇನು ಯವ್ವಾ? ಮತ್ತ ನನಗ್ಯಾಕ ಅಲ್ಲ ಅಂದಿ?"

ಎದುರಿಗೆ ಜೆಸಿಬಿ ಗುಡುಗಿ ಮುಂದೆ ಬಂತು. ಗೋಪಮ್ಮ ಕೈಚೀಲ ಕೆಳಗಿಟ್ಟಳು. ಕಾಲು ಸರಿಮಾಡಿಕೊಂಡು, ಎಡಗೈ ಸೊಂಟಕ್ಕಿಟ್ಟು, ಬಲಗೈ ಮೇಲೆತ್ತಿದಳು. ಬೆನ್ನು ಪೂರ್ತಿ ನೆಟ್ಟಗಾಗಲಿಲ್ಲ. "ನೋಡು," ಎಂದಳು, "ಹಿಂಗ ನಿಂತಿದ್ನಿ."

ಆಟೋವೊಂದು ಸರ್ರನೆ ಬಂದು ಅವಳ ಮುಂದೆ ನಿಂತಿತು. ಡ್ರೈವರು ಕತ್ತು ಹೊರಹಾಕಿದ.

"ಎಲ್ಲಿಗ್ರೀ ಯವ್ವಾ?"