ಎಣ್ಣೆ ಸುಮ್ಮನಾಗುವವರೆಗೆ

೨೦೨೩ರ ಡಿಸೆಂಬರ್ ೩೧, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಅಪ್ಪ ಬಾಣಲೆಯಿಂದ ಮೊದಲ ಒಬ್ಬೆ ಆಲೂಗಡ್ಡೆ ಬಿಲ್ಲೆಗಳನ್ನು ತೆಗೆದರು. ಅಮ್ಮ ಒಂದನ್ನು ಎತ್ತಿ ಹಿಡಿದಳು. ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು.

"ರೀ, ನಿಮ್ಮಕ್ಕನ ಹಲ್ಲು ಇನ್ನೂ ಗಟ್ಟಿಯಾಗಿವೆ. ಇಷ್ಟು ಕನಿಕರ ಬೇಡ."

"ಆಲೂಗಡ್ಡೇನೇ ಸರಿಯಿಲ್ಲ" ಎಂದರು ಅಪ್ಪ.

ವರ್ಷದ ಕೊನೆಯ ರಜೆಗೆ ಅಪ್ಪನ ಅಕ್ಕ, ನನ್ನ ಅತ್ತೆ, ಮನೆಯವರೊಂದಿಗೆ ಊಟಕ್ಕೆ ಬರುತ್ತಾರೆ. ಅಡುಗೆಯೆಲ್ಲ ಅಮ್ಮನದು, ಕರಿಯುವುದು ಮಾತ್ರ ಅಪ್ಪನದು. ಅವರು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎಂಜಿನ್ ಬಿಚ್ಚುವ ಮೊದಲೇ ಕಿವಿಗೊಟ್ಟು ರೋಗ ಹೇಳಬಲ್ಲವರೆಂದು ಹೆಸರು. ಮಾಲೀಕ ಅವರನ್ನು ಇಟ್ಟುಕೊಂಡಿರುವುದೇ ಅದಕ್ಕೆ. ಬಾಣಲೆಯನ್ನೂ ಅವರು ನೋಡುವುದಿಲ್ಲ. ಬೆನ್ನು ತಿರುಗಿಸಿ ಮುಂದಿನ ಒಬ್ಬೆಗೆ ಹೆಚ್ಚುತ್ತಾ, ಎಣ್ಣೆ ಸುಮ್ಮನಾದ ಕೂಡಲೇ ಜಾಲರಿ ಸೌಟು ಹಾಕುತ್ತಾರೆ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಯಾರೂ ಮಾತಾಡಬಾರದು.

ಅದರಲ್ಲಿ ಅರ್ಥವಿದೆ. ಎಣ್ಣೆ ಸದ್ದು ಮಾಡುವುದು ಬಿಲ್ಲೆಯೊಳಗಿನ ನೀರು ಆವಿಯಾಗಿ ಹೊರಡುವುದರಿಂದ. ನೀರು ಮುಗಿದರೆ ಸದ್ದೂ ಮುಗಿಯುತ್ತದೆ. ಧಾನ್ಯದ ಉಗ್ರಾಣದ ಪ್ರಯೋಗಾಲಯದಲ್ಲಿ ತೇವಾಂಶ ಅಳೆಯುವುದು ನನ್ನ ಕೆಲಸವಾದ್ದರಿಂದ, ಎರಡನೆಯ ಒಬ್ಬೆಯನ್ನು ತೂಗಿ ನೋಡಿದೆ. ಹಸಿಯಾಗಿ ಇನ್ನೂರು ಗ್ರಾಂ, ಕರಿದ ಮೇಲೆ ನೂರಾ ನಾಲ್ಕು. ಗರಿಗರಿಯಾಗಬೇಕಿದ್ದರೆ ಎಪ್ಪತ್ತರ ಆಸುಪಾಸಿಗೆ ಇಳಿಯಬೇಕಿತ್ತು. ಉರಿ ಸರಿಯಾಗಿತ್ತು, ಬಿಲ್ಲೆ ತೆಳ್ಳಗೇ ಇತ್ತು. ಅಂದರೆ ಬೇಗ ತೆಗೆಯುತ್ತಿದ್ದಾರೆ.

ಮೂರನೆಯ ಒಬ್ಬೆಗೆ ಪಕ್ಕದಲ್ಲೇ ನಿಂತೆ. ಭೋರೆಂಬ ಸದ್ದು ತಗ್ಗಿತು. ಅಪ್ಪ ಸೌಟಿಗೆ ಕೈ ಹಾಕಿದರು. ನನಗೆ ಮಾತ್ರ ಸಣ್ಣಗೆ, ಮೇಲುಸ್ಥಾಯಿಯಲ್ಲಿ, ಚಿರ್ರೆನ್ನುವುದು ಇನ್ನೂ ಕೇಳುತ್ತಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಒಂದು ದಿನ ಮೆತ್ತಗಿನ ಆಲೂಗಡ್ಡೆ ತಿಂದರೆ ಯಾರಿಗೂ ನಷ್ಟವಿಲ್ಲ. ಆದರೆ ಹೋದ ವಾರ ಊಟಕ್ಕೆ ಕೂತಾಗ ಅವರು ಹೇಳಿದ್ದು ನೆನಪಾಯಿತು: ಬಿಳಿ ಕಾರಿನವನೊಬ್ಬ ಮುಂದಿನ ಚಕ್ರದಲ್ಲಿ ಕೀರಲು ಸದ್ದು ಎಂದು ಎರಡು ಸಲ ಬಂದಿದ್ದ. ಭ್ರಮೆ ಎಂದು ಅಪ್ಪ ಅವನನ್ನು ವಾಪಸು ಕಳಿಸಿದ್ದರು.

ಅಮ್ಮ ತಟ್ಟೆ ತರಲು ಹೊರಗೆ ಹೋಗುವವರೆಗೆ ಕಾದೆ.

"ಅಪ್ಪಾ, ಇನ್ನೂ ಸದ್ದಿದೆ."

"ಎಲ್ಲಿ? ನಿಂತೋಯ್ತಲ್ಲ."

"ಇಲ್ಲ. ಸಣ್ಣಗೆ ಬರ್ತಿದೆ."

ಅವರು ಬಾಣಲೆಯತ್ತ ಕಿವಿ ಬಾಗಿಸಿದರು. ಎಣ್ಣೆ ಸಿಡಿದೀತೆಂದು ಭುಜ ಹಿಡಿದು ಹಿಂದಕ್ಕೆಳೆದೆ. ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಗೋಡೆ ಗಡಿಯಾರದಲ್ಲಿ ಐವತ್ತು ಸೆಕೆಂಡು ಕಳೆದ ಮೇಲೆ ಸದ್ದು ನಿಂತಿತು. ತಲೆಯಾಡಿಸಿದೆ. ಅವರು ತೆಗೆದರು. ಬಿಲ್ಲೆಗಳು ಜಾಲರಿಯಲ್ಲಿ ಗಲಗಲ ಎಂದವು.

"ಇದು ಕೇಳ್ಸುತ್ತೆ" ಎಂದರು. ಆಮೇಲೆ, "ಹಾಗಾದ್ರೆ ಆ ಬಿಳಿ ಕಾರಿನವನು ಹೇಳಿದ್ದು ನಿಜ ಇರ್ಬೇಕು."

ನಾನು ಜಾಲರಿಯ ಬಿಲ್ಲೆಗಳನ್ನು ಪಾತ್ರೆಗೆ ಸುರಿದೆ.

"ಗ್ಯಾರೇಜ್ ಯಜಮಾನರಿಗೆ ಗೊತ್ತಾದ್ರೆ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಚಕ್ರ ಬಿಚ್ಚೋಕೆ ಕೂರಿಸ್ತಾರೆ, ಅಷ್ಟೆ" ಎಂದರು ಅಪ್ಪ.

ಉಳಿದ ಆಲೂಗಡ್ಡೆ, ಕ್ಯಾರೆಟ್ಟು, ಬೀಟ್‌ರೂಟನ್ನೆಲ್ಲ ಇಬ್ಬರೂ ಸೇರಿ ಕರಿದೆವು. ಅವರು ಹೆಚ್ಚಿದರು, ನಾನು ಕೇಳಿಸಿಕೊಂಡೆ. ಊಟದಲ್ಲಿ ಅತ್ತೆ ಮೂರನೆಯ ಸಲ ಬಡಿಸಿಕೊಂಡು, "ತಮ್ಮಾ, ನಿನ್ನ ಕಿವಿಗೆ ಬಂಗಾರದ ಓಲೆ ಹಾಕಿಸ್ಬೇಕು ಕಣೋ" ಎಂದರು.

"ಇವಳಿಗೆ ಹಾಕ್ಸು ಅಕ್ಕಾ. ಇವತ್ತು ಕಿವಿ ಇವಳ್ದು. ನಂಗೆ ಕೇಳಿಸ್ಲಿಲ್ಲ" ಎಂದು ಅಪ್ಪ ನನ್ನತ್ತ ಕೈ ತೋರಿಸಿದರು.

ಅಮ್ಮ ಏನೋ ಕಿಚಾಯಿಸಲು ಬಾಯಿ ತೆರೆದವಳು, ಅಪ್ಪನ ಮುಖ ನೋಡಿ ನೀರು ಬಡಿಸಿದಳು.

ಕೈ ತೊಳೆದು ಅಪ್ಪ ಫೋನ್ ಹಿಡಿದು ಬಾಗಿಲ ಬಳಿ ನಿಂತರು. "ಯಜಮಾನ್ರೇ, ಆ ಬಿಳಿ ಕಾರನ್ನ ಓಡಿಸ್ಬೇಡಿ ಅಂತ ಹೇಳಿ. ಚಕ್ರದ ಬೇರಿಂಗ್ ಹೋಗಿರ್ಬೇಕು. ತಪ್ಪು ನಂದು. ನಂಗೆ ಕಿವಿ ಮಂದ ಆಗಿದೆ." ಆ ಕಡೆಯಿಂದ ಏನೆಂದರೋ ತಿಳಿಯಲಿಲ್ಲ. ಅಪ್ಪ ಎರಡು ಸಲ "ಹೂಂ" ಎಂದು ಫೋನ್ ಇಟ್ಟರು.

ಬುಧವಾರ ಕಿವಿ ಪರೀಕ್ಷೆಗೆ ನಾನೇ ಕರೆದೊಯ್ದೆ. ಗಾಜಿನ ಕೋಣೆಯಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿ, ಬಾಣಲೆಗೆ ಕಿವಿಗೊಟ್ಟಷ್ಟೇ ಗಮನವಿಟ್ಟು ಕೂತರು. ಇಪ್ಪತ್ತೈದು ಡೆಸಿಬೆಲ್‌ನೊಳಗಿನ ಸದ್ದು ಕೇಳಿಸಿದರೆ ಕಿವಿ ಸರಿ ಎಂದರು ಪರೀಕ್ಷೆ ಮಾಡಿದವರು. ಅಪ್ಪನ ಬಲಗಿವಿ, ನಾಲ್ಕು ಸಾವಿರ ಹರ್ಟ್ಜ್‌ನ ಕೀರಲು ಸದ್ದಿಗೆ: ಐವತ್ತೈದು ಡೆಸಿಬೆಲ್.